ಅಪ್ಪ ತೆಗೆದ ಆಟದ ಟೇಪು, ತುಂಡಾದ ಟೈಮ್‌ಕೋಡು ಮತ್ತು ವಿನ್‌ಡಿವಿ

ಮನೆಯಲ್ಲಿ ಹಳೇ ಮಿನಿಡಿವಿ ಟೇಪ್ (ಹ್ಯಾಂಡಿಕ್ಯಾಮಿಗೆ ಹಾಕುತ್ತಿದ್ದ ಪುಟ್ಟ ಕ್ಯಾಸೆಟ್) ಉಂಟಾ? ಕಂಪ್ಯೂಟರಿಗೆ ಇಳಿಸುವಾಗ ಅರ್ಧದಲ್ಲೇ ನಿಂತು ನಿಂತು ಸಾಕಾಗಿದೆಯಾ? ಹಾಗಾದರೆ ವಿನ್‌ಡಿವಿ ಹಾಕಿ ನೋಡಿ. ದುಡ್ಡು ಕೊಡಬೇಕಾಗಿಲ್ಲ. ಇಪ್ಪತ್ತು ವರ್ಷಕ್ಕೂ ಹಳೇ ಸಾಫ್ಟ್‌ವೇರ್, ನೋಡಲಿಕ್ಕೆ ಏನೂ ಚಂದ ಇಲ್ಲ. ಆದರೆ ನನಗೆ ಇದು ಮಾಡಿದ ಉಪಕಾರ ದೊಡ್ಡದು.

2006ರ ಫೆಬ್ರವರಿಯಲ್ಲಿ ಉಡುಪಿ ಹತ್ತಿರ ನಮ್ಮ ಮನೆ ಎದುರಿನ ಗದ್ದೆಯಲ್ಲಿ ಹರಕೆ ಆಟ, ಅಂದರೆ ಹರಕೆಯ ಯಕ್ಷಗಾನ, ಆಗಿತ್ತು. ಅಪ್ಪ ರಾತ್ರಿಯಿಡೀ ಎದ್ದಿದ್ದು ಸೋನಿ ಹ್ಯಾಂಡಿಕ್ಯಾಮಿನಲ್ಲಿ ನಾಲ್ಕು ಟೇಪ್ ತುಂಬಿಸಿದ್ದರು. ಅಪ್ಪ ಈಗ ಇಲ್ಲ. ಕೆಲವು ವರ್ಷದ ಹಿಂದೆ ಒಂದು ಸ್ಟುಡಿಯೋದವರಿಗೆ ಆ ಟೇಪ್ ಕೊಟ್ಟು ಡಿವಿಡಿ ಮಾಡಿಸಿದ್ದೆ, ನೋಡಿದರೆ ಮಹಿಷಾಸುರನ ಪ್ರವೇಶವೇ ಇಲ್ಲ. ದೊಂದಿ, ಗರ್ನಾಲಿನ (ಪಟಾಕಿಯ) ಸದ್ದು, ಜನರ ಮಧ್ಯದಿಂದ ಅವನು ಬರುವುದು, ಯಾವುದೂ ಇಲ್ಲ. ಟೇಪ್ ಹಾಳಾಗಿದೆ ಅಂದರು. ನಂಬಿ ಸುಮ್ನಾದೆ.

ಹಾಳಾಗಿರಲಿಲ್ಲ ಮಾರಾಯ್ರೇ.

ಈ ಮಳೆಗಾಲದಲ್ಲಿ ನಾನೇ ಕೂತೆ. ಮಂಗಳೂರಲ್ಲಿ ಹುಡುಕಿ ಒಂದು ಹಳೇ ಫೈರ್‌ವೈರ್ ಕಾರ್ಡ್ (ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಲಿಕ್ಕೆ) ತಂದೆ. ಯುಎಸ್‌ಬಿ ಕೇಬಲ್ಲಿನಲ್ಲಿ ಹೆಚ್ಚಿನ ಮಿನಿಡಿವಿ ಕ್ಯಾಮೆರಾ ಪೂರ್ತಿ ಗುಣಮಟ್ಟದ ವಿಡಿಯೋ ಕೊಡುವುದಿಲ್ಲ. ಫೈರ್‌ವೈರ್ ಬೇಕೇ ಬೇಕು. ವಿಂಡೋಸ್ 10ಕ್ಕೆ ಅದರ ಹಳೇ ಲೆಗಸಿ ಡ್ರೈವರ್ ಬೇರೆಯಾಗಿ ಹಾಕಬೇಕಾಯಿತು. ಮೊದಲು ನನ್ನಲ್ಲಿದ್ದ ಎಡಿಟಿಂಗ್ ಸಾಫ್ಟ್‌ವೇರಿನಲ್ಲೇ ನೋಡಿದೆ. ಎರಡನೇ ಟೇಪಿನಲ್ಲಿ ಕೌಂಟರ್ 00:41:17ರವರೆಗೆ ಸರಿಯಾಗಿ ಓಡಿತು, ಸ್ಕ್ರೀನ್ ಒಂದು ಕ್ಷಣ ನೀಲಿ, ಆಮೇಲೆ ಮತ್ತೆ 00:00:00. ಕ್ಯಾಪ್ಚರ್, ಅಂದರೆ ಇಳಿಸುವ ಕೆಲಸ, ಅಲ್ಲೇ ಬಂದ್.

ಏನಾಗಿದೆ ಅಂದರೆ, ಮಧ್ಯರಾತ್ರಿ ಅಪ್ಪ ಟೇಪ್ ಹಿಂದೆ ತಿರುಗಿಸಿ ಪಕ್ಕದ ಮನೆಯವರಿಗೆ ತೋರಿಸಿದ್ದಾರೆ, ಅದು ನನಗೂ ನೆನಪುಂಟು, ಆಮೇಲೆ ರೆಕಾರ್ಡಿಂಗ್ ಮುಗಿದ ಜಾಗ ದಾಟಿ ಸ್ವಲ್ಪ ಖಾಲಿ ಬಿಟ್ಟು ಮತ್ತೆ ಶುರು ಮಾಡಿದ್ದಾರೆ. ಹಿಂದೆ ಟೈಮ್‌ಕೋಡ್ (ಟೇಪಿನಲ್ಲಿ ದಾಖಲಾಗುವ ಗಂಟೆ, ನಿಮಿಷ, ಸೆಕೆಂಡಿನ ಎಣಿಕೆ) ಸಿಗದಿದ್ದರೆ ಕ್ಯಾಮೆರಾ ಸೊನ್ನೆಯಿಂದ ಎಣಿಸುತ್ತದೆ. ಹಾಗಾಗಿ ಒಂದೇ ಟೇಪಿನಲ್ಲಿ ಹತ್ತನೇ ನಿಮಿಷ ಎರಡು ಸಲ! ಟೈಮ್‌ಕೋಡ್ ನೋಡಿ ಟೇಪ್ ಹುಡುಕುವ ಸಾಫ್ಟ್‌ವೇರಿಗೆ ಯಾವ ಹತ್ತು ಅಂತ ಗೊತ್ತಾಗಲ್ಲ. ಅದೂ ಅಲ್ಲದೆ ಕ್ಯಾಪ್ಚರ್ ಮಾಡುವ ಮೊದಲು ಅದು ಟೇಪನ್ನು ಕೆಲವು ಸೆಕೆಂಡ್ ಹಿಂದೆ ಒಯ್ಯುತ್ತದೆ, ಸೊನ್ನೆಗಿಂತ ಹಿಂದೆ ಹೋಗುವುದೆಲ್ಲಿಗೆ?

ವಿನ್‌ಡಿವಿ ಟೈಮ್‌ಕೋಡಿನ ಗೊಡವೆಗೇ ಹೋಗುವುದಿಲ್ಲ. ಡಿವಿ ಟೇಪಿನಲ್ಲಿ ಟೈಮ್‌ಕೋಡ್ ಅಲ್ಲದೆ ಚಿತ್ರ ತೆಗೆದ ತಾರೀಕು, ಗಂಟೆ ಕೂಡ ದಾಖಲಾಗಿರುತ್ತದೆ. ಇದು ಆ ಗಡಿಯಾರವನ್ನು ನೋಡುತ್ತದೆ. ಸಮಯ ಹಾರಿದಲ್ಲಿ ಒಂದು ಫೈಲ್ ಮುಗಿಸಿ ಇನ್ನೊಂದು ಶುರು ಮಾಡುತ್ತದೆ. ಪ್ಲೇ ಒತ್ತಿ ಬಿಟ್ಟು ಊಟಕ್ಕೆ ಹೋದೆ, ಬಂದು ನೋಡಿದರೆ ಫೋಲ್ಡರಿನಲ್ಲಿ 06-02-11_23-48, ಅದರ ಕೆಳಗೆ 06-02-12_00-31. ಟೈಮ್‌ಕೋಡ್ ಸೊನ್ನೆ ಅಂದ ಜಾಗದಲ್ಲಿ ಗಡಿಯಾರ 12 ಗಂಟೆ 31 ನಿಮಿಷ ಅನ್ನುತ್ತಿತ್ತು. ಆ ಎರಡನೇ ಫೈಲಿನಲ್ಲೇ ಮಹಿಷಾಸುರ ಬಂದ. ಚೆಂಡೆ ಏರುತ್ತಾ ಹೋಗುತ್ತದೆ, ದೊಂದಿಯ ಬೆಳಕಿಗೆ ಚಿತ್ರ ಒಮ್ಮೆ ಪೂರ್ತಿ ಬಿಳಿಯಾಗುತ್ತದೆ, ಹಿಂದಿನಿಂದ ಅಪ್ಪನ ಧ್ವನಿ, "ಮಗೂ, ಬದಿಗೆ ಬಾ". ನನ್ನನ್ನೇ ಕರೆದದ್ದು.

ಕೊರತೆಯೂ ಉಂಟು. ಮೊದಲ ಟೇಪಿಗೆ ನಾನು ಡಿಸ್‌ಕಂಟಿನ್ಯೂಟಿ ಅನ್ನುವ ಸೆಟ್ಟಿಂಗ್ (ಗಡಿಯಾರ ಎಷ್ಟು ಸೆಕೆಂಡ್ ಹಾರಿದರೆ ಹೊಸ ಫೈಲ್ ಮಾಡಬೇಕು ಅನ್ನುವುದು) 1 ಸೆಕೆಂಡಿಗೇ ಬಿಟ್ಟಿದ್ದೆ, ಅಪ್ಪ ಪಾಸ್ ಒತ್ತಿದಲ್ಲೆಲ್ಲ ತುಂಡಾಗಿ 46 ಫೈಲ್ ಆಯಿತು. ಜಾಸ್ತಿ ಮಾಡಿದ ಮೇಲೆ ಸರಿಹೋಯಿತು. ಒಂದು ಗಂಟೆ ಟೇಪಿಗೆ ಸುಮಾರು 13 ಜಿಬಿ ಜಾಗ ಬೇಕು. ಕ್ಯಾಮೆರಾದಲ್ಲಿ ತಾರೀಕು ಸೆಟ್ ಮಾಡದೆ ತೆಗೆದ ಟೇಪಾದರೆ ಈ ತುಂಡು ಮಾಡುವ ಉಪಾಯ ನಡೆಯುವುದಿಲ್ಲ. ಆಗ ಟೇಪಿಡೀ ಇಳಿಸಿ ಆಮೇಲೆ ಕೈಯಾರೆ ಕತ್ತರಿಸಿಕೊಳ್ಳಿ.

ಮತ್ತೆ ನಮ್ಮ ಕರಾವಳಿಯ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಕಂಡರೆ ದಯವಿಟ್ಟು ಕ್ಯಾಮೆರಾಕ್ಕೆ ಹಾಕಬೇಡಿ, ಟೇಪ್ ಓದುವ ಹೆಡ್ಡಿಗೂ ಅಂಟುತ್ತದೆ. ನನ್ನ ನಾಲ್ಕನೇ ಟೇಪ್ ಹಾಗೇ ಉಂಟು. ಕ್ಲೀನ್ ಮಾಡುವವರು ಮಂಗಳೂರು ಉಡುಪಿ ಕಡೆ ಯಾರಾದರೂ ಇದ್ದರೆ ತಿಳಿಸಿ, ಆಟ ಮುಗಿಸುವ ಮಂಗಳ ಪದ ಅದರಲ್ಲೇ ಇರುವುದು.