ಕಾರ್ ಸ್ಟೀರಿಯೋ ಕೈಕೊಟ್ರೆ ಟೆಸ್ಟ್ ಲ್ಯಾಂಪಾ, ಮಲ್ಟಿಮೀಟರಾ, ಎಲೆಕ್ಟ್ರಿಷಿಯನ್ನಾ?

ಕೆಟ್ಟಿರೋ ಕಾರ್ ಸ್ಟೀರಿಯೋ ಸೆಟ್ನ ತುಮಕೂರು ಬಿ.ಎಚ್. ರೋಡಲ್ಲಿ ಯಾರಿಗಾದ್ರೂ ತೋರಿಸ್ಲಾ ಇಲ್ಲ ನಾನೇ ನೋಡ್ಲಾ ಅಂತ ಕೇಳಿದ್ರಲ್ಲ ಅಣ್ಣ, ಅದು ಸೆಟ್ ಏನು ಕಿರಿಕ್ ಮಾಡ್ತಿದೆ ಅನ್ನೋದ್ರ ಮೇಲೆ.

ಖರ್ಚು ನೋಡಿದ್ರೆ ಟೆಸ್ಟ್ ಲ್ಯಾಂಪೇ (ಒಂದ್ಕಡೆ ಕ್ಲಿಪ್, ಇನ್ನೊಂದ್ಕಡೆ ಮೊನೆ, ಕರೆಂಟ್ ಇದ್ರೆ ಉರಿಯೋ ಚಿಕ್ಕ ಬಲ್ಬ್) ಅಗ್ಗ, ಕಲಿಯೋಕೂ ಏನಿಲ್ಲ. ಸೆಟ್ ಆನೇ ಆಗ್ತಿಲ್ವಾ, ಮೊದ್ಲು ಫ್ಯೂಸ್ ನೋಡಿ, ಆಮೇಲೆ ಲ್ಯಾಂಪಿನ ಕ್ಲಿಪ್ನ ಕಾರ್ ಬಾಡಿಯ ಲೋಹಕ್ಕೆ ಹಾಕಿ ಮೊನೇನ ಸೆಟ್ ಹಿಂದಿನ ವೈರಿಗೆ ಮುಟ್ಟಿಸಿ, ಕಂಪನಿದಲ್ದೆ ಹೊರಗಡೆ ಹಾಕಿಸಿರೋ ಸೆಟ್ಟಾದ್ರೆ ಸಾಮಾನ್ಯವಾಗಿ ಹಳದೀಲಿ ಯಾವಾಗ್ಲೂ ಕರೆಂಟ್ ಇರ್ಬೇಕು, ಕೆಂಪಲ್ಲಿ ಕೀ ತಿರುಗಿಸಿದ್ಮೇಲೆ. ವೋಲ್ಟು, ಓಮು, ಆಂಪು ಅಳೆಯೋ ಮಲ್ಟಿಮೀಟರ್ ಇಲ್ಲಿ ಯಾಮಾರಿಸುತ್ತೆ, ತುಕ್ಕು ಹಿಡಿದ ಕನೆಕ್ಷನ್ನಲ್ಲೂ ಆರಾಮಾಗಿ 12 ವೋಲ್ಟ್ ತೋರ್ಸತ್ತೆ, ಲೋಡ್ ಬಿದ್ರೆ, ಅಂದ್ರೆ ಏನಾದ್ರೂ ಕರೆಂಟ್ ಎಳೆದ್ರೆ ತಾನೇ ಬಣ್ಣ ಬಯಲಾಗೋದು, ಲ್ಯಾಂಪಾದ್ರೆ ಮಂಕಾಗುತ್ತೆ. ಏರ್‌ಬ್ಯಾಗ್ ವೈರಿಗೆ ಮಾತ್ರ ಲ್ಯಾಂಪ್ ತಾಗಿಸ್ಲೇಬೇಡಿ.

ಒಂದೇ ಸ್ಪೀಕರ್ ಸತ್ತಿದ್ರೆ, ಇಲ್ಲಾ ಬೆಳಗಾಗೋಷ್ಟರಲ್ಲಿ ಬ್ಯಾಟರಿ ಇಳೀತಿದ್ರೆ ಮೀಟರೇ ಬೇಕು. ವೈರ್ ಬಿಚ್ಚಿ ಅಳೆದ್ರೆ 4 ಓಮ್ ಸ್ಪೀಕರ್ 3ರಿಂದ 4 ತೋರ್ಸತ್ತೆ, ಓಪನ್ (ಕರೆಂಟ್ ಹರಿಯೋ ದಾರೀನೇ ಇಲ್ಲ) ಅಂತ ಬಂದ್ರೆ ಸ್ಪೀಕರ್ ಒಳಗಿನ ಕಾಯಿಲ್ ಕಟ್. ನಿಲ್ಸಿದ ಗಾಡಿ ಸುಮಾರು 50 ಮಿಲಿಆಂಪ್‌ಗಿಂತ ಜಾಸ್ತಿ ಎಳೀತಿದ್ರೆ ಅನುಮಾನ ಪಡಿ.

ಆಕ್ಸಲರೇಟರ್ ಒತ್ತಿದಂಗೆಲ್ಲ ಕುಯ್ಯ್ ಅನ್ನೋ ಸದ್ದಿಗೆ ಸೆಟ್ಟಿನ ಗ್ರೌಂಡ್ (ಕಾರ್ ಬಾಡಿಗೆ ಸೇರೋ ನೆಗೆಟಿವ್ ವೈರ್) ಬಿಗಿ ಮಾಡಿ ನೋಡಿ, ಹೋಗ್ಲಿಲ್ವಾ, ಡ್ಯಾಶ್‌ಬೋರ್ಡ್ ಬಿಚ್ಚಿ ವೈರ್ ದಾರಿ ಬದಲಾಯಿಸ್ಬೇಕಾಗ್ಬೋದು, ಕೂಲಿ ಜಾಸ್ತಿಯಾದ್ರೂ ಎಲೆಕ್ಟ್ರಿಷಿಯನ್ನಿಗೇ ಬಿಡಿ. ವಾರಂಟಿ ಇದ್ರೆ ಮೂರೂ ಬೇಡ, ನೇರ ಶೋರೂಮಿಗೆ.