ಹಳೆ ಲ್ಯಾಪ್‌ಟಾಪ್‌ಗೆ ‘ಹೊಸ ಬ್ಯಾಟರಿ’ ಅಂದ್ರೆ ನಂಬಬೇಡಿ

ಲಿನಕ್ಸ್ (ವಿಂಡೋಸ್ ಬದಲು ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್) ಹಾಕಿಕೊಳ್ಳೋಕೆ ಅಂತ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಹಳೆ ಲ್ಯಾಪ್‌ಟಾಪ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನನಗೆ ಟೋಪಿ ಬಿದ್ದಿದೆ. ಹೇಳಿಕೊಳ್ಳೋಕೆ ನಾಚಿಕೆ, ಆದರೂ ಬರೆಯುತ್ತಿದ್ದೇನೆ. ಆ ಅಂಗಡಿಯವನು ನಾಳೆ ಇನ್ನೊಬ್ಬರಿಗೂ ಇದನ್ನೇ ಮಾಡುತ್ತಾನೆ.

ತಗೊಂಡಿದ್ದು ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ480. ಲಿನಕ್ಸ್ ಬಳಸುವವರು ಇದರ ಹೆಸರು ಹೇಳೋದು ಸುಮ್ನೆ ಅಲ್ಲ. ವೈಫೈ, ಸ್ಲೀಪ್ ಎಲ್ಲ ತಕರಾರಿಲ್ಲದೆ ನಡೆಯುತ್ತದೆ. ಎರಡು ಬ್ಯಾಟರಿ ಇರುತ್ತವೆ. ಒಳಗಿನದು 24 ವ್ಯಾಟ್ ಅವರ್ (ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ). ಹಿಂದೆ ಕಳಚಿ ಹಾಕುವುದರಲ್ಲಿ 24ರದ್ದೂ ಇದೆ, ದಪ್ಪಗೆ ಉಬ್ಬಿದ 72ರದ್ದೂ ಇದೆ. ನನಗೆ ಕೊಟ್ಟಿದ್ದು 24ರದ್ದು. ಎರಡೂ ಚೆನ್ನಾಗಿದ್ದರೆ ಹಗುರ ಕೆಲಸಕ್ಕೆ ಆರು ಗಂಟೆ ಆರಾಮಾಗಿ ಬರಬೇಕು.

‘ಎರಡೂ ಹೊಸ ಬ್ಯಾಟರಿ ಸರ್, ಆರು ಗಂಟೆ ಗ್ಯಾರಂಟಿ’ ಅಂದ. ಸ್ಕ್ರೀನ್ ಯಾಕೆ ಮಬ್ಬಾಗಿದೆ ಅಂದರೆ, ‘ಅಂಗಡಿ ಲೈಟಿಗೆ ಹಾಗೆ ಕಾಣುತ್ತೆ ಸರ್.’ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಅಂದರೆ ಅದರಿಂದಲೇ ಚಾಲು ಮಾಡಿ ನೋಡ್ತೀನಿ ಅಂದರೆ, ‘ಬಯಾಸ್ ಎಲ್ಲ ಮುಟ್ಟಬೇಡಿ ಸರ್, ವಾರಂಟಿ ಹೋಗುತ್ತೆ.’ (ಬಯಾಸ್ ಅಂದರೆ ಲ್ಯಾಪ್‌ಟಾಪ್ ಆನ್ ಆಗುವಾಗಿನ ಮೂಲ ಸೆಟ್ಟಿಂಗ್.) ವಾರಂಟಿ! ಈ ಮಾತು ನೆನಪಿಟ್ಟುಕೊಳ್ಳಿ.

ಮನೆಗೆ ಬಂದು ಉಬುಂಟು ಅನ್ನೋ ಲಿನಕ್ಸ್ ಹಾಕಿ, ಬ್ಯಾಟರಿ ಸ್ಥಿತಿ ತೋರಿಸುವ ‘upower’ ಕಮಾಂಡ್ ಕೊಟ್ಟೆ. ಒಳಗಿನ ಬ್ಯಾಟರಿ 24ರಲ್ಲಿ 9.4ಕ್ಕೆ ಇಳಿದಿದೆ. ಇದು ಹೊಸದಂತೆ! ಹಿಂದಿನದು ಮಾತ್ರ ಪೂರ್ತಿ 100%, ಒಂದು ಚಾರ್ಜ್ ಸೈಕಲ್ (ಪೂರ್ತಿ ತುಂಬಿ ಖಾಲಿಯಾಗೋ ಸುತ್ತು) ಕೂಡ ಆಗಿಲ್ಲ ಅಂತ ತೋರಿಸಿತು. ಸದ್ಯ, ಇದಾದರೂ ಹೊಸದಿದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ. ಚಾರ್ಜರ್ ತೆಗೆದು ಕೆಲಸಕ್ಕೆ ಕೂತೆ. ಹಿಂದಿನ ಬ್ಯಾಟರಿ 43% ಇದ್ದದ್ದು ಕಣ್ಣೆದುರೇ 0! ಆಮೇಲೆ ಒಳಗಿನದು ಗಂಟೆ ಚಿಲ್ಲರೆ ಎಳೆಯಿತು. ಆರು ಗಂಟೆ ಅಂದಿದ್ದು ಮೂರನ್ನೂ ಮುಟ್ಟಲಿಲ್ಲ.

ಆ ಬ್ಯಾಟರಿ ಕಳಚಿ ನೋಡಿದರೆ ಲೇಬಲ್‌ನ ಒಂದು ಮೂಲೆ ಎದ್ದಿತ್ತು. ಉಗುರಲ್ಲಿ ಕೆರೆದೆ. ಅಡಿಯಲ್ಲಿ ಇನ್ನೊಂದು ಲೇಬಲ್, 2018ರದ್ದು. ಹಳೆ ಬ್ಯಾಟರಿಯಲ್ಲಿ ಬಳಕೆಯ ಲೆಕ್ಕ ಇಡುವ ಚಿಪ್ ರೀಸೆಟ್ ಮಾಡಿ, ಮೇಲೆ ಹೊಸ ಸ್ಟಿಕರ್ ಅಂಟಿಸಿದ್ದಾರೆ. ಸಿಟ್ಟಿಗೆ ಕೈ ನಡುಗುತ್ತಿತ್ತು.

ಅಂಗಡಿಯವನಿಗೆ ಫೋಟೋ ಕಳಿಸಿದೆ. ಉತ್ತರ: ‘ಲಿನಕ್ಸ್ ಹಾಕಿದ್ರೆ ಬ್ಯಾಟರಿ ಹಾಳಾಗುತ್ತೆ ಸರ್, ಯಾರು ಹಾಕೋಕೆ ಹೇಳಿದ್ರು?’ ಸರಿ, ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆದೆ. ಅಲ್ಲೂ ಅದೇ 9.4. ಅದಕ್ಕೆ, ‘ರಿಪೋರ್ಟ್ ಬೇರೆ, ಯೂಸ್ ಬೇರೆ ಸರ್.’ ಕೊನೆಗೆ, ‘ಬ್ಯಾಟರಿಗೆ ವಾರಂಟಿ ಬರಲ್ಲ ಸರ್.’ ಹಾಗಾದರೆ ಬಯಾಸ್ ಮುಟ್ಟಿದರೆ ಹೋಗೋದು ಯಾವ ವಾರಂಟಿ ಮಾರಾಯ? ಕೇಳಿದೆ. ಎರಡು ನೀಲಿ ಟಿಕ್ ಬಿತ್ತು, ಅಷ್ಟೇ.

ಲಿನಕ್ಸ್ ಇರುವ ಪೆನ್‌ಡ್ರೈವ್ ಜೇಬಲ್ಲಿಟ್ಟುಕೊಂಡೇ ಹೋಗಿ. ಬೂಟ್ ಮಾಡೋಕೆ ಬಿಡಲ್ಲ ಅಂದರೆ ಎದ್ದು ಬನ್ನಿ. ಎರಡೂ ಬ್ಯಾಟರಿಯ ಲೆಕ್ಕ ನೋಡಿ, ಆದರೆ 100% ಕಂಡರೂ ನಂಬಬೇಡಿ. ಚಾರ್ಜರ್ ಕಿತ್ತು, ಬ್ರೈಟ್‌ನೆಸ್ ಪೂರ್ತಿ ಏರಿಸಿ, ವಿಡಿಯೋ ಹಾಕಿ ಅಲ್ಲೇ ಕೂತಿರಿ. ಅವರು ಗೊಣಗಿದರೆ ಗೊಣಗಲಿ. ಬ್ಯಾಟರಿ ವಿಷಯ ಬಿಲ್‌ನಲ್ಲೇ ಬರೆಸಿಕೊಳ್ಳಿ. ‘ಬಿಲ್ ಬೇಕಂದ್ರೆ 18% ಜಾಸ್ತಿ ಆಗುತ್ತೆ’ ಅಂತ ನನ್ನ ಕೈಗೆ ಎಸ್ಟಿಮೇಟ್ ಚೀಟಿ ಕೊಟ್ಟಿದ್ದ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂದರೆ ಅದೊಂದೇ ಸಾಕ್ಷಿ, ಅದರಲ್ಲಿ ಅಂಗಡಿ ಹೆಸರೂ ಇಲ್ಲ.

ಇದನ್ನು ಬರೆಯುವಾಗಲೇ ಅವನ ಮೆಸೇಜ್ ಬಂತು: ‘ಒರಿಜಿನಲ್ ಬ್ಯಾಟರಿ ಇದೆ ಸರ್, 4,500 ಆಗುತ್ತೆ, ಹಾಕಿಕೊಡ್ಲಾ?’ ಒರಿಜಿನಲ್ ಅಂತೆ!