ಮಜೋರಾಸ್ ಮಾಸ್ಕ್: ಲಿಂಕ್ ಸತ್ತಿಲ್ಲ ಮಾರಾಯ್ರೆ

'ಲೆಜೆಂಡ್ ಆಫ್ ಜೆಲ್ಡಾ: ಮಜೋರಾಸ್ ಮಾಸ್ಕ್' 2000ದಲ್ಲಿ ನಿಂಟೆಂಡೊ 64ಕ್ಕೆ ಬಂದ ಆಟ. ಈಗ ನಿಂಟೆಂಡೊದ ಸ್ವಿಚ್ ಎಂಬ ಆಟದ ಯಂತ್ರದಲ್ಲಿ ಚಂದಾ ಕಟ್ಟಿದರೆ ಸಿಗುತ್ತದೆ. ಮಾಮೂಲಿ ಚಂದಾ ಸಾಲದು, ಎಕ್ಸ್‌ಪಾನ್ಶನ್ ಪ್ಯಾಕ್ ಅನ್ನುವ ಜಾಸ್ತಿ ದುಡ್ಡಿನದ್ದೇ ಬೇಕು. ದುಬೈಯ ಭಾವ ತಂದುಕೊಟ್ಟ ಸ್ವಿಚ್‌ನಲ್ಲಿ ಆಡಿ ಮುಗಿಸಿದೆ. ಮಂಗಳೂರಿನ ಆಟಿ ತಿಂಗಳ ಮಳೆಗೆ ಇದಕ್ಕಿಂತ ಒಳ್ಳೆ ಜೊತೆ ಬೇರೆ ಬೇಕಂತಿಲ್ಲ. ಆದರೆ ಇದರ ಸುತ್ತ ಅಭಿಮಾನಿಗಳು ಕಟ್ಟಿರುವ ಥಿಯರಿಗಳ ಬಗ್ಗೆ ನನಗೆ ತಕರಾರಿದೆ. ಕಥೆ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಟರ್ಮಿನಾ ಎಂಬ ನಾಡಿನ ಮೇಲೆ ಹಲ್ಲು ಕಿರಿದ ಚಂದ್ರ ಬೀಳಲು ಮೂರೇ ದಿನ ಬಾಕಿ. ನಮ್ಮ ಗಡಿಯಾರದಲ್ಲಿ ಅದು ಒಂದು ಗಂಟೆಗೂ ಕಡಿಮೆ. ಒಕರಿನಾ ಎಂಬ ಕೊಳಲಿನಂಥ ವಾದ್ಯ ಊದಿ ಮತ್ತೆ ಮೊದಲ ದಿನಕ್ಕೆ ಹೋಗಬೇಕು. ಹೋದರೆ ಬಾಣ, ಬಾಂಬು, ಕೈಯಲ್ಲಿದ್ದ ರುಪೀ ಎಲ್ಲ ಮಾಯ, ಮುಖವಾಡಗಳು, ಬಿಲ್ಲಿನಂಥ ಮುಖ್ಯ ಸಾಮಾನುಗಳು ಮಾತ್ರ ಉಳಿಯುತ್ತವೆ. ಬ್ಯಾಂಕಿನಲ್ಲಿಟ್ಟ ದುಡ್ಡೂ ಉಳಿಯುತ್ತದೆ, ಯಾಕೆಂದರೆ ಬ್ಯಾಂಕಿನವನು ಲೆಕ್ಕ ಇಡಲು ನಮ್ಮ ಮೈಮೇಲೇ ಮುದ್ರೆ ಒತ್ತಿರುತ್ತಾನೆ. ಇಷ್ಟೊಂದು ಬ್ಯಾಂಕು ಹುಟ್ಟಿಸಿದ ಜಿಲ್ಲೆಯವರಿಗೆ ಇದು ಇಷ್ಟವಾಗಲೇಬೇಕು, ಅಲ್ವಾ?

ಈಗ ಥಿಯರಿಗೆ ಬರೋಣ. ಆಟದ ಶುರುವಿನಲ್ಲೇ ಕಾಡಿನ ಮರದ ಪೊಟರೆಯೊಳಗೆ ಬಿದ್ದಾಗ ನಾವು ಆಡಿಸುವ ನಾಯಕ ಲಿಂಕ್ ಸತ್ತುಹೋದ, ಮುಂದಿನದೆಲ್ಲ ಅವನ ಆತ್ಮದ ಪ್ರಯಾಣ ಅಂತ. ಸಾವು ಎದುರಾದಾಗ ಮನಸ್ಸು ದಾಟುವ ಹಂತಗಳು ಅಂತ ಮನೋವೈದ್ಯೆ ಕುಬ್ಲರ್-ರಾಸ್ 1969ರಲ್ಲಿ ಹೇಳಿದ ಐದನ್ನು ಐದು ಊರಿಗೆ ಹಂಚಿದ್ದಾರೆ. ಚಂದ್ರ ಬೀಳುವುದೇ ಇಲ್ಲ ಅಂತ ಹಬ್ಬದ ತಯಾರಿ ಮಾಡುವ ಕ್ಲಾಕ್ ಟೌನ್ ನಿರಾಕರಣೆ, ಕೋತಿಯ ಮೇಲೆ ಕಿರುಚಾಡುವ, ಡೆಕು ಎಂಬ ಗಿಡಮರದಂಥ ಜನರ ರಾಜ ಸಿಟ್ಟು, 'ನನ್ನನ್ನು ಬದುಕಿಸು' ಅನ್ನುವ ಗೊರಾನ್ ಎಂಬ ಬೆಟ್ಟದ ಜನರ ಸತ್ತ ವೀರ ದಾರ್ಮಾನಿ ಚೌಕಾಸಿ, ಧ್ವನಿ ಕಳೆದುಕೊಂಡ ಹಾಡುಗಾರ್ತಿ ಲುಲು ಖಿನ್ನತೆ. ಇಲ್ಲಿವರೆಗೆ ಸರಿ. ಕೊನೆಯ ಇಕಾನಾ ಅಂದರೆ ಒಪ್ಪಿಕೊಳ್ಳುವುದು ಅನ್ನುತ್ತಾರಲ್ಲ, ಅಲ್ಲಿ ನನಗೆ ನಗು ಬಂತು. ಇಕಾನಾದಲ್ಲಿ ಪಮೇಲಾ ಎಂಬ ಪುಟ್ಟ ಹುಡುಗಿ, ಅರ್ಧ ಹೆಣವಾಗಿಬಿಟ್ಟ ಅಪ್ಪನನ್ನು ಕಪಾಟಿನಲ್ಲಿ ಬಚ್ಚಿಟ್ಟು ಸುಮ್ನೆ ಕೂತಿದ್ದಾಳೆ. ಇಡೀ ಆಟದಲ್ಲಿ ಇದಕ್ಕಿಂತ ದೊಡ್ಡ ನಿರಾಕರಣೆ ಇಲ್ಲ! ಇನ್ನು 2006ರ 'ಟ್ವೈಲೈಟ್ ಪ್ರಿನ್ಸೆಸ್'ನಲ್ಲಿ ಕತ್ತಿವರಸೆ ಕಲಿಸುವ ಅಸ್ಥಿಪಂಜರದ ಯೋಧ ಇದೇ ಲಿಂಕ್ ಅಂತ ನಿಂಟೆಂಡೊ ಕಡೆಯಿಂದಲೇ ಪುಸ್ತಕದಲ್ಲಿ ಬಂದಿದೆ. ಅಂದರೆ ಹುಡುಗ ವಾಪಸ್ ಬಂದ, ಬೆಳೆದ, ಆಮೇಲೆ ಸತ್ತ.

ನನ್ನ ಪ್ರಕಾರ ಈ ಆಟ ಅರ್ಥವಾಗಲು ಐದು ಹಂತ ಬೇಡ, ತುಳುನಾಡಿನಲ್ಲಿ ಹುಟ್ಟಿದರೆ ಸಾಕು. ಆಟಿಯಲ್ಲಿ ಕುಲೆಗಳಿಗೆ, ಅಂದರೆ ಸತ್ತವರ ಆತ್ಮಗಳಿಗೆ, ಬಡಿಸುವವರು ನಾವು. ಮದುವೆಯಾಗದೆ ತೀರಿಹೋದ ಮಕ್ಕಳಿಗೆ ಹೆಣ್ಣುಗಂಡು ನೋಡಿ ಪ್ರೇತ ಮದುವೆ ಮಾಡಿಸುವವರು. ಸತ್ತವರ ಆಸೆ ಬಾಕಿ ಉಳಿದರೆ ಬದುಕಿದ್ದವರು ಪೂರೈಸಬೇಕು ಅನ್ನುವ ನಂಬಿಕೆ. ಆಟದಲ್ಲಿ ಇರುವುದೂ ಅದೇ. ಜೋರಾ ಎಂಬ ನೀರಿನ ಜನರ ಗಿಟಾರ್ ವಾದಕ ಮಿಕಾವು ಸಮುದ್ರ ತೀರದಲ್ಲಿ ನಮ್ಮ ಕಣ್ಣೆದುರೇ ಸಾಯುತ್ತಾನೆ. ಸಾಯುವ ಮುಂಚೆ ಎದ್ದು ನಿಂತು ಗಿಟಾರ್ ಬಾರಿಸುತ್ತಾ ತನ್ನ ಕಥೆ ಹೇಳುತ್ತಾನೆ! ಲಿಂಕ್ ಊದುವ ರಾಗಕ್ಕೆ ಅವನ ಜೀವ ತಣ್ಣಗಾಗಿ ಮುಖವಾಡವಾಗುತ್ತದೆ. ಅದನ್ನು ಹಾಕಿಕೊಂಡರೆ ಊರಿಗೆಲ್ಲ ನಾವೇ ಮಿಕಾವು. ಅವನು ತರಲಾಗದ ಲುಲುವಿನ ಮೊಟ್ಟೆಗಳನ್ನು ನಾವು ತರಬೇಕು. ಸತ್ತವನು ಲಿಂಕ್ ಅಂತ ಹೊರಟರೆ ಈ ಮಿಕಾವು, ದಾರ್ಮಾನಿಗಳ ಸಾವಿಗೆ ಬೆಲೆಯೇ ಇಲ್ಲವಾಗುತ್ತದೆ.

ಒಂದು ಥಿಯರಿಯನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಶುರುವಿನಲ್ಲಿ ಕಾಣುವ ಅಳುಮುಖದ ಮರ ಡೆಕು ರಾಜನ ಬಟ್ಲರ್‌ನ ಮಗ ಅನ್ನುವುದು. ಆ ಬಟ್ಲರೇ ಒಮ್ಮೆ ಲಿಂಕ್‌ಗೆ 'ನಿನ್ನನ್ನು ನೋಡಿದರೆ ಮಗನ ನೆನಪಾಗುತ್ತದೆ' ಅನ್ನುತ್ತಾನೆ. ಆಟ ಮುಗಿದು ಹೆಸರುಗಳು ಓಡುವಾಗ ಆ ಮರದ ಮುಂದೆ ಕುಸಿದು ಕೂತಿರುತ್ತಾನೆ. ಯಾರೂ ವಿವರಿಸುವುದಿಲ್ಲ, ಅದೇ ಚೆಂದ.

ಅಂಜು-ಕಾಫೇ ಮದುವೆಯ ಕಥೆ ಬಿಡಲೇಬೇಡಿ. ಮೂರೂ ದಿನ ಅವರ ಹಿಂದೆ ಓಡಾಡಬೇಕು. ಮದುಮಗ ಬಂದು ಮುಟ್ಟುವಾಗ ಚಂದ್ರ ತಲೆಯ ಮೇಲೇ ಇರುತ್ತಾನೆ. ಹತ್ತಿರವಿದ್ದ ತಂಗಿ 'ಎಂತ ಕಣ್ಣೀರಾ?' ಅಂತ ಕೇಳಿದಳು, ಉತ್ತರ ಕೊಡಲಿಲ್ಲ.

ಕಿರಿಕಿರಿಗಳೂ ಇವೆ. ಕ್ಯಾಮೆರಾ ಹಳೇ ಕಾಲದ್ದು. ನಿಂಟೆಂಡೊ 64ರಲ್ಲಿದ್ದ ಹಳದಿ ಬಟನ್‌ಗಳ ಕೆಲಸ ಈಗ ಬಲಗಡೆಯ ಸ್ಟಿಕ್ಕಿಗೆ ಬಿದ್ದಿರುವುದರಿಂದ ಒಕರಿನಾ ಊದುವಾಗ ಸ್ವರ ತಪ್ಪುತ್ತದೆ. ಗ್ರೇಟ್ ಬೇ ದೇವಾಲಯದ ನೀರಿನ ಪೈಪುಗಳು ತಲೆ ತಿನ್ನುತ್ತವೆ. ಸ್ವಿಚ್‌ನಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿಟ್ಟು ಆಮೇಲೆ ಮುಂದುವರಿಸಬಹುದು, ಅಷ್ಟು ಸಮಾಧಾನ.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಹೊಸಬರು, ಮೊದಲ ದಿನಕ್ಕೆ ಒಯ್ಯುವ ಸಾಂಗ್ ಆಫ್ ಟೈಮ್ ರಾಗವನ್ನು ಹಿಂದುಮುಂದಾಗಿ ಊದಿ, ಕಾಲ ನಿಧಾನವಾಗುತ್ತದೆ. ಇಲ್ಲದಿದ್ದರೆ ಮೊದಲ ದೇವಾಲಯದಲ್ಲೇ ಚಂದ್ರ ಬೀಳುತ್ತಾನೆ.